ಜಕಾರ್ತಾದ ಚಿನ್ನ ಮತ್ತು ಹೈದರಾಬಾದಿನ ಮೇಷ್ಟ್ರು

ನಾರಾಯಣಪೇಟೆ: ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯೂ ನಿದ್ದೆಗೆಟ್ಟು ಟಿವಿ ಮುಂದೆ ಕೂರುವವರಿಗೆ ಕೊರತೆಯಿಲ್ಲ. 2022ರ ಡಿಸೆಂಬರ್ 18ರಂದು ಕತಾರ್‌ನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫೈನಲ್ 3-3ರಲ್ಲಿ ಸಮವಾಗಿ, ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2ರಿಂದ ಗೆದ್ದಿತು. ಮೆಸ್ಸಿ ದೊಡ್ಡವನೋ, ಎಂಬಾಪೆ ದೊಡ್ಡವನೋ ಎಂಬ ಜಗಳ ಅಲ್ಲಿಂದ ಶುರು. ಚಹಾ ಅಂಗಡಿಯ ಬೆಂಚಿನ ಮೇಲೆ ಕನ್ನಡದಲ್ಲಿ ಹುಟ್ಟಿದ ಮಾತು ತೆಲುಗಿಗೆ ಹೊರಳಿ, ಬಿಸಿಯೇರಿದಾಗ ಉರ್ದುವಿಗೆ ಹಾರುವುದು ಈ ಕಡೆಯ ರೂಢಿ.

ಆದರೆ ಫುಟ್‌ಬಾಲ್ ಬಲ್ಲ ಹಿರಿಯರು ಒಬ್ಬರಿದ್ದರೂ ಸಾಕು, ಮಾತು ಇನ್ನೊಂದು ಫೈನಲ್‌ಗೆ ತಿರುಗುತ್ತದೆ. ಅದು 1962ರ ಸೆಪ್ಟೆಂಬರ್ 4ರಂದು ಇಂಡೋನೇಷ್ಯಾದ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಫೈನಲ್. ಭಾರತ ಅಂದು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. 2024ರ ಏಪ್ರಿಲ್‌ನಲ್ಲಿ ಅಜಯ್ ದೇವಗನ್ ನಟಿಸಿದ ಮೈದಾನ್ ಚಿತ್ರ ತೆರೆಗೆ ಬಂದ ಮೇಲೆ ಅದರ ಹೆಸರೇ ಕೇಳದಿದ್ದ ಹುಡುಗರೂ ಈ ವಾದಕ್ಕೆ ಇಳಿದಿದ್ದಾರೆ.

ವಾದವಾದರೂ ಏನು? ರಕ್ಷಣೆಯಲ್ಲಿ ಆಡುವ ಜರ್ನೈಲ್ ಸಿಂಗ್ ಅವರನ್ನು ಗೋಲು ಹೊಡೆಯಲು ಮುಂದಕ್ಕೆ ಕಳಿಸಿದ್ದು ಲೆಕ್ಕಾಚಾರವೋ, ಜೂಜೋ? ಮೊದಲ ಪಂದ್ಯದಲ್ಲಿ ಅದೇ ಕೊರಿಯಾಗೆ ಸೋತವರು ಫೈನಲ್‌ನಲ್ಲಿ ಗೆದ್ದದ್ದು ಅದೃಷ್ಟವಲ್ಲವೇ? ಸರಿ, ಗೆದ್ದೆವು, ಆಮೇಲೆ ಏನಾಯಿತು? ಮೂರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ದನಿ ತಾನಾಗಿ ತಗ್ಗುತ್ತದೆ.

ಈ ಮೂರೂ ಪ್ರಶ್ನೆಗಳ ನಡುವೆ ನಿಂತಿರುವವರು ಒಬ್ಬರೇ, ತಂಡದ ತರಬೇತುದಾರ ಸೈಯದ್ ಅಬ್ದುಲ್ ರಹೀಂ. ಜನರ ಬಾಯಲ್ಲಿ ರಹೀಂ ಸಾಹೇಬರು.

ಒಂದೇ ರಾಜ್ಯದ ಕಾಲ

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಇಂದು ಹೈದರಾಬಾದ್ ಎಂದರೆ ತೆಲಂಗಾಣದ ರಾಜಧಾನಿ. ಅಂದು ಅದು ರಾಯಚೂರು, ಕಲಬುರಗಿ, ಬೀದರ್ ಸೇರಿದ ನಿಜಾಮರ ರಾಜ್ಯದ ಪಟ್ಟಣ. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು 1956ರವರೆಗೂ ರಾಯಚೂರು ಜಿಲ್ಲೆಯಲ್ಲೇ ಇದ್ದವು ಎಂಬುದು ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಬೇರ್ಪಟ್ಟಾಗ ಆ ಎರಡು ತಾಲೂಕುಗಳು ಮಹಬೂಬ್‌ನಗರದ ಕಡೆಗೆ ಹೋದವು, ರಾಯಚೂರು ಮೈಸೂರಿನ ಕಡೆಗೆ ಬಂತು. ಆದ್ದರಿಂದ ರಹೀಂ ಸಾಹೇಬರು ತೆಲಂಗಾಣದವರೋ ಎಂದು ಯಾರಾದರೂ ಕೇಳಿದರೆ, ಅವರು ಬೆಳೆದ ಕಾಲಕ್ಕೆ ಆ ಪ್ರಶ್ನೆಯೇ ಇರಲಿಲ್ಲ ಎನ್ನಬೇಕಾಗುತ್ತದೆ. ಕೃಷ್ಣೆಯ ಎರಡೂ ದಂಡೆಗೆ ಒಂದೇ ಸರ್ಕಾರವಿದ್ದ ಕಾಲದ ಮನುಷ್ಯ ಅವರು.

ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಕಲಾ ವಿಭಾಗ. ಉಪನ್ಯಾಸವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ವಿದ್ಯಾಲಯ ಅದು. ಅಲ್ಲಿನ ತಂಡಕ್ಕೆ ಫುಟ್‌ಬಾಲ್ ಆಡಿದರು, ಊರಿನ ಲೀಗ್‌ನಲ್ಲೂ ಆಡಿದರು. ಪದವಿ ಮುಗಿಸಿ ಹಿಡಿದದ್ದು ಮೇಷ್ಟ್ರ ಕೆಲಸ. ಕಾಚಿಗುಡ ಮಾಧ್ಯಮಿಕ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಹೀಗೆ ಹಲವೆಡೆ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮುಗಿಸಿ ಶಾಲೆಯ ಆಟದ ಮೈದಾನದ ಹೊಣೆಯನ್ನೂ ಹೊತ್ತರು. ಮುಂದೆ ಭಾರತ ತಂಡಕ್ಕೆ ಕಲಿಸುವಾಗಲೂ ಅವರ ರೀತಿ ಮೇಷ್ಟ್ರದೇ ಆಗಿತ್ತು ಎಂದು ಅವರ ಕೈಕೆಳಗೆ ಆಡಿದವರು ನೆನೆದಿದ್ದಾರೆ. ಮಾತು ಕಡಿಮೆ, ಶಿಸ್ತು ಹೆಚ್ಚು, ಹುಡುಗನ ಮನೆಯ ಕಷ್ಟದ ಬಗ್ಗೆ ಪೂರಾ ತಿಳಿವಳಿಕೆ.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹೊಣೆ ಬಿಡಲಿಲ್ಲ. ಎಡಗಾಲು ದುರ್ಬಲವಾದವರು ಎಡಗಾಲಲ್ಲೇ, ಬಲಗಾಲು ದುರ್ಬಲವಾದವರು ಬಲಗಾಲಲ್ಲೇ ಒದೆಯಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನು ಅವರು ಮಕ್ಕಳಿಗೆ ನಡೆಸಿದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ಓಡುವುದನ್ನು ನಿಷೇಧಿಸಿದ ಪಂದ್ಯಗಳೂ ಇದ್ದವು. ಚೆಂಡು ಬಂತು, ಜೊತೆಗಾರನಿಗೆ ಕೊಟ್ಟೆ, ಖಾಲಿ ಜಾಗಕ್ಕೆ ಓಡಿದೆ, ಇಷ್ಟೇ ಆಟ. ಕೇಳಲು ಸುಲಭ. ಬರಿಗಾಲಿನಲ್ಲಿ ಚೆಂಡಿನ ಚಮತ್ಕಾರ ತೋರಿಸಿ ಚಪ್ಪಾಳೆ ಗಿಟ್ಟಿಸುವುದೇ ಫುಟ್‌ಬಾಲ್ ಎಂದು ನಂಬಿದ್ದ ಕಾಲದಲ್ಲಿ ಇದನ್ನು ಕಲಿಸುವುದು ಸುಲಭವಿರಲಿಲ್ಲ.

ಪೊಲೀಸರ ತಂಡ

ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಬೆಂಗಳೂರಿನಿಂದಲೇ. 1943ರಲ್ಲಿ ಅಲ್ಲಿ ನಡೆದ ಆ್ಯಶ್ ಗೋಲ್ಡ್ ಕಪ್‌ನಲ್ಲಿ ಈ ತಂಡ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿ ಕಪ್ ಹೊತ್ತು ಬಂತು. ಬಿಳಿಯರ ತಂಡವನ್ನು ಪೊಲೀಸ್ ಪೇದೆಗಳು ಸೋಲಿಸಿದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಆ ಪೊಲೀಸ್ ಆ್ಯಕ್ಷನ್ ದಿನಗಳ ನೆನಪು ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ನೋವಿನದು. ಅದಾದ ಎರಡೇ ವರ್ಷಕ್ಕೆ ಹೈದರಾಬಾದಿನ ಪೊಲೀಸರ ತಂಡ ದೇಶದ ಮುಂದೆ ಬೇರೆಯೇ ಕಾರಣಕ್ಕೆ ಬಂತು. ರಹೀಂ ಅದರ ತರಬೇತುದಾರರಾದರು. 1950ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಕಲ್ಕತ್ತದ ಮೋಹನ್ ಬಾಗಾನ್ ವಿರುದ್ಧ 0-2ರಿಂದ ಹಿಂದೆ ಬಿದ್ದು, 2-2 ಮಾಡಿಕೊಂಡು, ಮರುಪಂದ್ಯವನ್ನು 1-0ರಿಂದ ಗೆದ್ದಿತು. ಮುಂಬೈಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಸತತ ಐದು ವರ್ಷ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಆ ಫೈನಲ್‌ಗಳಲ್ಲಿ ಸೋತವರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡವೂ ಒಂದು!

ಗುಟ್ಟೇನು ಎಂದರೆ, ಹುಡುಗರಿಗೆ ಪೊಲೀಸ್ ನೌಕರಿ ಇತ್ತು, ತಿಂಗಳ ಸಂಬಳ ಇತ್ತು, ದಿನವೂ ಒಟ್ಟಿಗೆ ಅಭ್ಯಾಸವಿತ್ತು. ಮೇಲೆ ಮೇಷ್ಟ್ರ ಕಣ್ಣಿತ್ತು.

ಆ ಕಣ್ಣಿಗೆ ಒಂದು ಉದಾಹರಣೆ ತುಳಸಿದಾಸ್ ಬಲರಾಮ್. ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ. ನಗರದ ಮೈದಾನಕ್ಕೆ ದಿನವೂ ಬರಲು ಕೈಯಲ್ಲಿ ಕಾಸಿರಲಿಲ್ಲ. ರಹೀಂ ಬಾಡಿಗೆ ಸೈಕಲ್‌ಗೆಂದು ದಿನಕ್ಕೆ ಒಂದು ರೂಪಾಯಿ ಕೊಟ್ಟು ಕರೆಸಿಕೊಳ್ಳುತ್ತಿದ್ದರು ಎಂದು ಬಲರಾಮ್ ವಯಸ್ಸಾದ ಮೇಲೂ ನೆನೆಯುತ್ತಿದ್ದರು. 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲರಾಮ್ ಎರಡು ಒಲಿಂಪಿಕ್ಸ್ ಆಡಿದವರು, ಜಕಾರ್ತಾದ ಚಿನ್ನದ ತಂಡದಲ್ಲಿದ್ದವರು. ಒಂದು ರೂಪಾಯಿ ಸೈಕಲ್ ಬಾಡಿಗೆಯ ಫಲ ಎಲ್ಲಿಗೆ ಮುಟ್ಟಿತು ನೋಡಿ.

ಹತ್ತು ಗೋಲು ತಿಂದ ಪಾಠ

ರಾಷ್ಟ್ರೀಯ ತಂಡದ ಹೊಣೆ ಬಂದ ಮೇಲೆ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ವಿರುದ್ಧ 1-0 ಗೆಲುವು, ಚಿನ್ನ. ಮರುವರ್ಷವೇ ನೆಲಕ್ಕೆ ಬಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತಕ್ಕೆ ಹತ್ತು ಗೋಲು ಹೊಡೆಯಿತು. ಭಾರತದ್ದು ಒಂದೇ. ಕೊರೆಯುವ ಚಳಿಯ ಊರಿನಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಅದಾದ ಮೇಲೆ ಬೂಟು ಕಡ್ಡಾಯವಾಯಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರಹೀಂ ಆಡುವ ಕ್ರಮವನ್ನೇ ಬದಲಿಸಿದರು. ಹಂಗೇರಿಯವರಂತೆ ಮುಂಪಡೆಯ ನಡುವಿನ ಆಟಗಾರನನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಎದುರಾಳಿಯ ಕಾವಲುಗಾರನನ್ನು ಗೊಂದಲಕ್ಕೆ ಕೆಡವುವ ಕ್ರಮ ತಂದರು. ಫಲ ಸಿಕ್ಕಿದ್ದು 1956ರ ಮೆಲ್ಬರ್ನ್‌ನಲ್ಲಿ. ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು, ಮುಂಬೈಯ ನೆವಿಲ್ ಡಿಸೋಜಾ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಭಾರತದ್ದೇ! ಕೊನೆಗೆ 1-4ರಿಂದ ಸೋತರು, ಕಂಚಿನ ಪಂದ್ಯವನ್ನೂ ಬಲ್ಗೇರಿಯಾಗೆ ಬಿಟ್ಟುಕೊಟ್ಟು ನಾಲ್ಕನೇ ಸ್ಥಾನಕ್ಕೆ ನಿಂತರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತ ಅದಕ್ಕಿಂತ ಮೇಲೆ ಎಂದೂ ಏರಿಲ್ಲ.

ಆ ತಂಡದಲ್ಲಿ ಹೈದರಾಬಾದಿನ ಅಜೀಜ್, ನೂರ್ ಮೊಹಮ್ಮದ್, ಲತೀಫ್, ಜುಲ್ಫಿಕರುದ್ದೀನ್, ಅಹ್ಮದ್ ಹುಸೇನ್, ಬಲರಾಮ್ ಎಲ್ಲರೂ ಇದ್ದರು. ಕನ್ನಡ ನಾಡಿನ ಕೆಂಪಯ್ಯ ಇದ್ದರು. ಹೈದರಾಬಾದ್ ರಾಜ್ಯ ಆ ನವೆಂಬರ್ 1ರಂದು ನಕ್ಷೆಯಿಂದ ಮಾಯವಾಗಿತ್ತು, ಮೆಲ್ಬರ್ನ್ ಕೂಟ ಶುರುವಾದದ್ದು ಅದೇ ತಿಂಗಳ 22ರಂದು. ಆಟದ ಮೈದಾನದಲ್ಲಿ ಮಾತ್ರ ಹೆಸರು ಬದಲಾಗಲು ತಡವಾಯಿತು. ಇಲ್ಲದ ರಾಜ್ಯದ ಹೆಸರಿನಲ್ಲೇ ಹೈದರಾಬಾದ್ ತಂಡ ಆ ಹಂಗಾಮು ಮತ್ತು ಮರುಹಂಗಾಮು ಸಂತೋಷ್ ಟ್ರೋಫಿ ಗೆದ್ದಿತು. ಮುಂದೆ ಸಿಟಿ ಪೊಲೀಸ್ ತಂಡ ಆಂಧ್ರ ಪೊಲೀಸ್ ಆಯಿತು.

ಮಗನೆಂದು ರಿಯಾಯಿತಿ ಇಲ್ಲ

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಗೆ 1-2, ಪೆರುವಿಗೆ 1-3 ಸೋಲು, ಬಲಿಷ್ಠ ಫ್ರಾನ್ಸ್ ಜೊತೆ 1-1. ಫಲಿತಾಂಶದ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಅಲ್ಲೊಂದು ಸಂಗತಿ ನಡೆಯಿತು. ತಂಡದ ಪಟ್ಟಿಯಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಇದ್ದರು. ಒಳ್ಳೆಯ ಆಟಗಾರ. ಮೂರೂ ಪಂದ್ಯ ಮುಗಿದವು, ಮಗನಿಗೆ ಒಂದರಲ್ಲೂ ಮೈದಾನಕ್ಕಿಳಿಯುವ ಅವಕಾಶ ಅಪ್ಪ ಕೊಡಲಿಲ್ಲ. ಎರಡು ವರ್ಷದ ನಂತರ ಜಕಾರ್ತಾಕ್ಕೆ ಹೋದ ತಂಡದಲ್ಲಿ ಹಕೀಂ ಹೆಸರೇ ಇರಲಿಲ್ಲ. ಚಿನ್ನ ಗೆದ್ದವರ ಪಟ್ಟಿಯಲ್ಲಿ ತರಬೇತುದಾರನ ಮಗ ಇಲ್ಲ. ಈಗಿನ ಆಯ್ಕೆ ಸಮಿತಿಗಳ ಸುದ್ದಿ ಓದುವವರಿಗೆ ಇದು ವಿಚಿತ್ರವಾಗಿ ಕಂಡೀತು.

ಜಕಾರ್ತಾದ ಹತ್ತು ದಿನ

1962ರ ಆಗಸ್ಟ್ 26ರಂದು ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಭಾರತವನ್ನು 2-0ಯಿಂದ ಸೋಲಿಸಿತು. ಎರಡನೇ ಪಂದ್ಯದಲ್ಲಿ ಥಾಯ್ಲೆಂಡ್ ವಿರುದ್ಧ 4-1 ಗೆಲುವು ಸಿಕ್ಕರೂ ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು. ಗಾಯವಾದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಸೌಲಭ್ಯ ಆ ಕಾಲದ ಆಟದಲ್ಲಿ ಇರಲಿಲ್ಲ. ಜರ್ನೈಲ್ ಇಲ್ಲದೆಯೇ ಜಪಾನನ್ನು 2-0ಯಿಂದ ಸೋಲಿಸಿ ತಂಡ ಸೆಮಿಫೈನಲ್ ಮುಟ್ಟಿತು. ಗೋಲಿ ಪೀಟರ್ ತಂಗರಾಜ್‌ಗೆ ಜ್ವರ ಹಿಡಿದು, ಅವರ ಸ್ಥಾನದಲ್ಲಿ ಪ್ರದ್ಯುತ್ ಬರ್ಮನ್ ನಿಂತಿದ್ದರು.

ರಹೀಂ ಸಾಹೇಬರ ಹೆಸರಿನ ಮೇಲೆ ಇಂದಿಗೂ ವಾದ ನಡೆಯುವುದು ಇಲ್ಲಿಂದ ಮುಂದಿನ ಎರಡು ತೀರ್ಮಾನಗಳ ಬಗ್ಗೆ. ತಲೆಗೆ ಹೊಲಿಗೆ ಬಿದ್ದ ಜರ್ನೈಲ್ ರಕ್ಷಣೆಯಲ್ಲಿ ಮೊದಲಿನಂತೆ ಆಡಲಾರರು, ಆದರೆ ಆ ಎತ್ತರದ ಆಳು, ಆ ಬಲದ ಭುಜ ಎದುರಾಳಿಯ ಗೋಲಿನ ಮುಂದೆ ನಿಂತರೆ ಏನಾದೀತು? ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಹಿಂದೆ ಅವರ ಜಾಗಕ್ಕೆ ಅರುಣ್ ಘೋಷ್. ಜರ್ನೈಲ್ ಒಂದು ಗೋಲು ಹೊಡೆದರು, ನಾಯಕ ಚುನಿ ಗೋಸ್ವಾಮಿ ಎರಡು. 3-2 ಗೆಲುವು.

ಜೂಜು ಎನ್ನುವವರು ಈ ಸೆಮಿಫೈನಲ್ಲನ್ನು ಮರೆಯುತ್ತಾರೆ. ಫೈನಲ್‌ನಲ್ಲಿ ಜರ್ನೈಲ್ ಮುಂದೆ ನಿಂತದ್ದು ಒಮ್ಮೆ ಪರೀಕ್ಷೆ ಮಾಡಿ ನೋಡಿದ ಮೇಲೆ. ಹಾಗೆ ನೋಡಿದರೆ ನಿಜವಾದ ಧೈರ್ಯ ಸೆಮಿಫೈನಲ್‌ನದು, ಅಲ್ಲಿ ಸೋತಿದ್ದರೆ ರಹೀಂ ಅವರನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ಎರಡನೇ ತೀರ್ಮಾನ ಗೋಲಿಯದು. ಮೂರು ಪಂದ್ಯ ಗೆಲ್ಲಿಸಿಕೊಟ್ಟ ಬರ್ಮನ್ ಅವರನ್ನು ಕೂರಿಸಿ, ಜ್ವರದಿಂದ ಎದ್ದ ತಂಗರಾಜ್ ಅವರನ್ನು ಫೈನಲ್‌ಗೆ ಇಳಿಸಿದರು. ಕೊರಿಯಾದವರು ಎತ್ತರದ ಚೆಂಡು ಹಾಕುತ್ತಾರೆ, ಆರಡಿ ಮೀರಿದ ತಂಗರಾಜ್ ಕೈಗೆ ಅದು ಸಿಗುತ್ತದೆ ಎಂಬುದು ಲೆಕ್ಕ. ಬರ್ಮನ್ ಪಾಲಿಗೆ ಅದು ಅನ್ಯಾಯವೆನ್ನುವವರೂ ಇದ್ದಾರೆ. ಆ ಮಾತಿನಲ್ಲೂ ಹುರುಳಿದೆ.

ಮೈದಾನದ ಹೊರಗೆ ಬೇರೆಯೇ ಬೆಂಕಿ. ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಬರಲು ಬಿಟ್ಟಿರಲಿಲ್ಲ. ಹೀಗಿದ್ದ ಮೇಲೆ ಇದನ್ನು ಏಷ್ಯನ್ ಕ್ರೀಡಾಕೂಟ ಎನ್ನಲಾಗದು ಎಂದು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಆಕ್ಷೇಪ ಎತ್ತಿದರು. ತಪ್ಪು ಮಾತಲ್ಲ, ಆದರೆ ಅದರ ಬೆಲೆ ತೆತ್ತವರು ಆಟಗಾರರು. ಸೆಪ್ಟೆಂಬರ್ 3ರಂದು ಸಿಟ್ಟಿಗೆದ್ದ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿತು. ಫೈನಲ್ ಮರುದಿನವೇ! ಬಸ್ಸಿನ ಮೇಲಿನ ತ್ರಿವರ್ಣ ಬಾವುಟ ತೆಗೆದು ಹೋಗಬೇಕಾಯಿತು, ಪಗಡಿಯಿಂದ ಗುರುತು ಸಿಗಬಾರದೆಂದು ಜರ್ನೈಲ್ ಮತ್ತು ತ್ರಿಲೋಕ್ ಸಿಂಗ್ ಸೀಟು ಬಿಟ್ಟು ಬಸ್ಸಿನ ನೆಲದ ಮೇಲೆ ಕೂತು ಬಂದರು ಎಂದು ತಂಡದವರು ನಂತರ ಹೇಳಿದ್ದಾರೆ. ಹಿಂದಿನ ರಾತ್ರಿ ಯಾರಿಗೂ ನಿದ್ದೆಯಿಲ್ಲ. ರಹೀಂ ಹುಡುಗರ ಬಳಿ ಬಂದು ತಮಗೊಂದು ಉಡುಗೊರೆ ಬೇಕೆಂದು, ಅದು ನಾಳೆಯ ಚಿನ್ನವೇ ಆಗಬೇಕೆಂದು ಕೇಳಿದ್ದನ್ನು ಆಟಗಾರರು ಮುಪ್ಪಿನವರೆಗೂ ನೆನೆದರು. ಅವರ ದೇಹದಲ್ಲಿ ಆಗಲೇ ಕ್ಯಾನ್ಸರ್ ಮನೆ ಮಾಡಿತ್ತು.

ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ. ಭಾರತದ ರಾಷ್ಟ್ರಗೀತೆಗೂ ಕೂಗಾಟ, ಭಾರತೀಯರ ಕಾಲಿಗೆ ಚೆಂಡು ಬಂದಾಗಲೆಲ್ಲ ಕೂಗಾಟ. ಆ ಗದ್ದಲದ ನಡುವೆ ಭಾರತದ ಪರವಾಗಿ ದನಿ ಎತ್ತಿದ ಗುಂಪೊಂದಿತ್ತು. ಯಾರೆಂದುಕೊಂಡಿರಿ? ಪಾಕಿಸ್ತಾನದ ಹಾಕಿ ಆಟಗಾರರು.

17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು. ಮೂರು ನಿಮಿಷ ಕಳೆಯುವಷ್ಟರಲ್ಲಿ ಜರ್ನೈಲ್ ಗೋಲು, ಗಾಯದ ತಲೆಯ ಆ ಜರ್ನೈಲ್ ಅವರದೇ. ಕಾಲ್ಬೆರಳಿಗೆ ಪೆಟ್ಟಾಗಿದ್ದ ತ್ರಿಲೋಕ್ ಸಿಂಗ್ ನೋವು ನುಂಗಿಕೊಂಡು ರಕ್ಷಣೆಯಲ್ಲಿ ನಿಂತರು. ಹೈದರಾಬಾದಿನ ಯೂಸುಫ್ ಖಾನ್, ಬಲರಾಮ್ ಬೆವರು ಸುರಿಸಿದರು. ಕೊರಿಯಾ ಒಂದು ಗೋಲು ತಿರುಗಿಸಿದ್ದು ಕೊನೆಯ ನಿಮಿಷಗಳಲ್ಲಿ. ಒಂಬತ್ತು ದಿನಗಳ ಹಿಂದೆ ಎರಡು ಗೋಲಿನಿಂದ ಗೆದ್ದಿದ್ದ ತಂಡವನ್ನು ಅಷ್ಟು ಹೊತ್ತು ಸುಮ್ಮನಿರಿಸಿದ್ದನ್ನು ಅದೃಷ್ಟ ಎನ್ನುವುದು ಕಷ್ಟ.

ಗೆದ್ದ ಮೇಲೆ

ಕ್ಯಾನ್ಸರ್ ಉಲ್ಬಣಿಸಿ ರಹೀಂ ಹಾಸಿಗೆ ಹಿಡಿದರು. 1963ರ ಜೂನ್ 11ರಂದು ತೀರಿಕೊಂಡರು. ಜಕಾರ್ತಾದ ಫೈನಲ್ ಆಗಿ ಒಂಬತ್ತು ತಿಂಗಳು, ವಯಸ್ಸು 53.

ಮರುವರ್ಷ, 1964ರಲ್ಲಿ, ಭಾರತ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ನಾಯಕತ್ವದಲ್ಲಿ ಕಂಚು. ಅಲ್ಲಿಗೆ ಏಷ್ಯನ್ ಕೂಟದ ಫುಟ್‌ಬಾಲ್ ಪದಕ ನಿಂತಿತು. ರೋಮ್ ನಂತರ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಕ್ಕಿಲ್ಲ. ಹೈದರಾಬಾದಿನ ಪೊಲೀಸ್ ತಂಡವೂ ಮೆಲ್ಲಗೆ ಸುದ್ದಿಯಿಂದ ಮರೆಯಾಯಿತು.

ಯಾಕೆ ಹೀಗಾಯಿತು ಎಂಬ ವಾದಕ್ಕೆ ಕೊನೆಯಿಲ್ಲ. ರಾಜ್ಯ ಒಡೆದದ್ದೇ ಕಾರಣ ಎನ್ನುವವರು ಒಂದು ಕಡೆ. ಆದರೆ ರಾಜ್ಯ ಹೋದ ಮೇಲೂ ಆರು ವರ್ಷ ಹೈದರಾಬಾದ್ ಫುಟ್‌ಬಾಲ್ ಗೆಲ್ಲುತ್ತಲೇ ಇತ್ತು, 1961ರ ಡ್ಯುರಾಂಡ್ ಕಪ್ ಆಂಧ್ರ ಪೊಲೀಸ್‌ನದೇ. ಒಳ್ಳೆಯ ಹುಡುಗರು ಕಲ್ಕತ್ತದ ಕ್ಲಬ್‌ಗಳ ದುಡ್ಡಿಗೆ ಊರು ಬಿಟ್ಟರು ಎನ್ನುವವರು ಇನ್ನೊಂದು ಕಡೆ. ಅದು ನಿಜ, ಆದರೆ ರಹೀಂ ಇದ್ದಾಗಲೂ ಅವರು ಹೋಗುತ್ತಿದ್ದರು, ಬಲರಾಮ್ ಅವರೇ ಈಸ್ಟ್ ಬೆಂಗಾಲ್‌ಗೆ ಹೋದವರು. ಹೋದವರ ಜಾಗಕ್ಕೆ ಶಾಲೆಯ ಮೈದಾನದಿಂದ ಹೊಸಬನನ್ನು ತರುವ ಮನುಷ್ಯ ಇದ್ದನಲ್ಲ! ಸಂಸ್ಥೆಯ ಕಾರ್ಯದರ್ಶಿ ಅವರೇ, ಪೊಲೀಸ್ ತಂಡದ ತರಬೇತುದಾರ ಅವರೇ, ಭಾರತ ತಂಡಕ್ಕೂ ಅವರೇ, ಗಲ್ಲಿಯ ಹುಡುಗನನ್ನು ಹುಡುಕುವವರೂ ಅವರೇ. ನಾಲ್ಕು ಜನರ ಕೆಲಸವನ್ನು ಒಬ್ಬರ ಹೆಗಲಿಗೇರಿಸಿ ನೋಡುತ್ತ ಕುಳಿತ ಫುಟ್‌ಬಾಲ್ ಆಡಳಿತದ ತಪ್ಪು ಇಲ್ಲಿ ದೊಡ್ಡದು. ಎಲ್ಲವನ್ನೂ ತಾನೇ ಹೊತ್ತುಕೊಂಡ ಮೇಷ್ಟ್ರದೂ ಸ್ವಲ್ಪ ಇದ್ದೀತು.

ಪ್ರಶಸ್ತಿಗಳ ಮಾತು ಬಂದರೆ ಮಾತ್ರ ಎರಡೂ ಪಕ್ಷ ಒಂದಾಗುತ್ತವೆ. ಅವರ ಶಿಷ್ಯರಾದ ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ ಅವರಿಗೆ ಪದ್ಮಶ್ರೀ ಬಂತು, ಹಲವರಿಗೆ ಅರ್ಜುನ ಬಂತು. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಎರಡು ಏಷ್ಯನ್ ಚಿನ್ನ ತಂದ ರಹೀಂ ಅವರಿಗೆ ಪದ್ಮವೂ ಇಲ್ಲ, ದ್ರೋಣಾಚಾರ್ಯವೂ ಇಲ್ಲ.

ಮಗ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತಾರಾಷ್ಟ್ರೀಯ ರೆಫರಿಯಾದರು. ಅಪ್ಪನಂತೆ ತರಬೇತುದಾರರೂ ಆಗಿ 1982ರ ದೆಹಲಿ ಏಷ್ಯನ್ ಕೂಟದಲ್ಲಿ ಪಿ.ಕೆ. ಬ್ಯಾನರ್ಜಿ ಜೊತೆ ದುಡಿದರು. 2017ರಲ್ಲಿ ಕೇಂದ್ರ ಸರ್ಕಾರ ಧ್ಯಾನ್‌ಚಂದ್ ಪ್ರಶಸ್ತಿ ಕೊಟ್ಟಿತು. ಅಪ್ಪನ ಹೆಸರಿಗೆ ಗೌರವ ಸಿಗಲಿ ಎಂಬ ಆಸೆ ಅವರದು. ತಂದೆಯ ಬದುಕಿನ ಚಿತ್ರ ತೆರೆಗೆ ಬರುವ ಮೊದಲೇ, 2021ರ ಆಗಸ್ಟ್ 22ರಂದು ಹಕೀಂ ಕೊನೆಯುಸಿರೆಳೆದರು. ಹೈದರಾಬಾದಿನಲ್ಲಲ್ಲ, ನಾರಾಯಣಪೇಟೆಯಿಂದ ಗಡಿ ದಾಟಿದರೆ ಸಿಗುವ ಕಲಬುರಗಿಯ ಆಸ್ಪತ್ರೆಯಲ್ಲಿ.